ಮೌಸಿಗೊಂದು ಕುಂಚಿಗಿ

ಮೊನ್ನೆ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಿದ್ದಾಗ ಮೊಮ್ಮಗ ಓಂಕಾರ ಅದರೊಳಗಿಂದ ಅಂಗೈಯಷ್ಟೇ ಇದ್ದ ಒಂದು ಕುಂಚಿಗಿಯನ್ನು ಹೊರಗೆಳೆದು, ಇದು ಯಾವ ಕೂಸಿನ ತಲೆಯದು ಎಂದು ಕೇಳಿದ. ಹಸಿರು ಖಣದ ತುಂಡು, ಅಂಚಿಗೆ ಕೆಂಪು ದಾರ, ಹಿಂದೆ ಬೆನ್ನ ಮೇಲೆ ಇಳಿಬೀಳುವ ಜೋಲಿ. ಅಪ್ಪನದೋ ಅತ್ತೆಯದೋ ಎಂದು ಅವನು ಒಬ್ಬೊಬ್ಬರ ತಲೆಯನ್ನೂ ನೆನೆಸಿಕೊಂಡು ನೋಡಿದ. ಅಷ್ಟು ಸಣ್ಣ ತಲೆ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಅದು ಮೌಸಿನ ಕುಂಚಿಗಿ, ಕಂಪ್ಯೂಟರಿನ ಮೌಸಿಗೆ ಹೊಲಿದದ್ದು ಎಂದೆ. ಅವನು ನಗಲಿಲ್ಲ. ನನ್ನ ಮುಖವನ್ನು ನೋಡಿ, ಅಕ್ಕ ಲೀಲಾಳನ್ನು ಕರೆದುಕೊಂಡು ಬರಲು ಹೋದ.

ಅಂದು ಲೀಲಾಗೆ ಹೇಳಿದ್ದು ಅರ್ಧ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಸಣ್ಣದು. ಲೀಲಾ ನನಗಾಗಿ ಕಂಪ್ಯೂಟರಿನಲ್ಲಿ ಹೊಸ ಮೀನಿನ ತೊಟ್ಟಿ ಮಾಡಿದ್ದಳು. ನಾನು ಕೇಳಿದ ಸುಧಾರಣೆಗಳೆಲ್ಲ ಅದರಲ್ಲಿ ಆಗಿದ್ದವು. ಆದರೆ ಹಳೆಯ ಕಂಪ್ಯೂಟರಿನ ಪರದೆಯ ಮೀನು, ಯಾರೂ ಏನನ್ನೂ ಮುಟ್ಟದೆ ಸುಮ್ಮನೆ ಕುಳಿತರೆ ಮಾತ್ರ ಬರುತ್ತಿದ್ದವು. ಹೊಸವು ಗುಂಡಿ ಒತ್ತಿದರೆ ಬರುತ್ತಿದ್ದವು. ನನಗೆ ಬೇಕಾಗಿದ್ದದ್ದು ಆ ಸುಮ್ಮನೆ ಕುಳಿತುಕೊಳ್ಳುವುದು. ಅದು ಹೋಗುತ್ತಿದೆ ಎಂದು ಗೊತ್ತಿದ್ದೂ ನನಗೆ ಕೇಳಲು ಬಾಯಿ ಬರಲಿಲ್ಲ.

ಬಾಯಿ ಬರದಿರುವುದು ಇಂದಿನದಲ್ಲ. ಅಸಂಗಿಯ ಕನ್ನಡ ಸಾಲಿಯಲ್ಲಿ ನಾನು ಏಳನೆಯ ಇಯತ್ತೆಯವರೆಗೆ ಕಲಿತೆ. ಒಂದು ದಿನ ಗುರುಗಳು ಹಾಜರಿ ಕರೆಯುವಾಗ ನನ್ನ ಹೆಸರು ಬಂತು. ‘ಹಾಜರ್’ ಎನ್ನಲು ನಾಚಿಕೆಯಾಗಿ ಸುಮ್ಮನಿದ್ದೆ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ, ಅವರು ಗೈರುಹಾಜರಿ ಬರೆದುಕೊಂಡರು. ಮಧ್ಯಾಹ್ನ, ನೀಲವ್ವ ಸಾಲಿಗೆ ಬಂದಿಲ್ಲ ಎಂಬ ಸುದ್ದಿಯನ್ನು ನಮ್ಮ ಮನೆಗೆ ಮುಟ್ಟಿಸಲು ನನ್ನನ್ನೇ ಕಳಿಸಿದರು. ನಾನು ಹೋಗಿ ಮುಟ್ಟಿಸಿ ಬಂದೆ.

ಲೀಲಾಗೆ ಕನ್ನಡ ಓದಲು ಬರುತ್ತದೆ. ಓಂಕಾರ ಮರಾಠಿ ಸಾಲಿಯವನು, ಕನ್ನಡದಲ್ಲಿ ಬಸ್ಸಿನ ಫಲಕದಷ್ಟು ಓದುತ್ತಾನೆ. ಅವನಿಗೆ ಅವಳೇ ಓದಿ ಹೇಳಲಿ. ನಡುವೆ ತನ್ನದನ್ನು ಸೇರಿಸುವುದು ಬೇಡ.

ನನ್ನ ಯಜಮಾನರು, ನಿಮ್ಮ ಮುತ್ಯಾ, ಜತ್ತಿನಲ್ಲಿ ಲಗ್ನದ ವಿಡಿಯೋ ತೆಗೆಯುತ್ತಿದ್ದರು. ಮುಂದಿನ ಖೋಲಿ ಅಂಗಡಿ, ಹಿಂದೆ ಮನೆ. ಈಗ ನಿಮ್ಮ ಅಪ್ಪ ಮಲ್ಲು ಝೆರಾಕ್ಸ್ ಯಂತ್ರ ಇಟ್ಟುಕೊಂಡು ಕುಳಿತಿರುವುದೂ ಅದೇ ಖೋಲಿಯಲ್ಲಿ. ಅಕ್ಷತಾ ಬೀಳುವವರೆಗೆ ಎಲ್ಲರ ವಿಡಿಯೋ ಒಂದೇ ತರಹ. ಮುತ್ಯಾಗೆ ಹೆಸರು ಬಂದದ್ದು ಅದರ ಮೇಲೆ ಅವರು ಮಾಡುತ್ತಿದ್ದ ಕೆಲಸಕ್ಕೆ. ಆಗ ಅದಕ್ಕೆ ಮಿಕ್ಸಿಂಗ್ ಎನ್ನುತ್ತಿದ್ದರು. ಲೀಲಾ ಕಲಿಯುವ ಸಾಂಗಲಿಯ ಕಾಲೇಜಿನಲ್ಲಿ ಈಗ ಅದಕ್ಕೆ ವಿಎಫ್‌ಎಕ್ಸ್ ಎನ್ನುತ್ತಾರೆ. ಮದುಮಗಳನ್ನು ಕಮಲದೊಳಗೆ ಕೂರಿಸುವುದು, ಮದುಮಗನನ್ನು ಚಂದ್ರನ ಮೇಲೆ ನಿಲ್ಲಿಸುವುದು, ಆಮೇಲೆ ಇಬ್ಬರನ್ನೂ ಹಿಮದ ಬೆಟ್ಟಕ್ಕೆ ಕಳಿಸುವುದು. ಮಿರಜದಾಚೆ ಏನಿದೆ ಎಂದು ನೋಡದವರನ್ನೆಲ್ಲ ಮುತ್ಯಾ ಹಿಮದ ಬೆಟ್ಟ ಹತ್ತಿಸಿ ಇಳಿಸಿದ್ದಾರೆ. ಒಬ್ಬ ಮದುಮಗನ ತಾಯಿ, ಅಷ್ಟು ಥಂಡಿಯಲ್ಲಿ ತನ್ನ ಮಗ ಬರೀ ತೆಳು ಅಂಗಿಯಲ್ಲಿ ನಿಂತಿದ್ದಾನೆ ಎಂದು ಕಣ್ಣೀರು ಹಾಕಿದಳು. ಮುತ್ಯಾ ಮತ್ತೆ ಕುಳಿತು ಅವನಿಗೆ ಒಂದು ಶಾಲು ಹೊದಿಸಿಕೊಟ್ಟರು.

ಇದನ್ನೆಲ್ಲ ಜೋಡಿಸಿಟ್ಟ ಮೇಲೆ ಕಂಪ್ಯೂಟರು ಅದನ್ನು ಕೂಡಿಸಿ ಒಂದು ಮಾಡಬೇಕು. ಅದಕ್ಕೆ ರೆಂಡರ್ ಎಂದು ಹೆಸರು. ಊಟವಾದ ಮೇಲೆ ಹಚ್ಚಿದರೆ ದನ ಮನೆಗೆ ಬರುವ ಹೊತ್ತಿಗೆ ಮುಗಿಯುತ್ತಿತ್ತು. ಅಷ್ಟು ಹೊತ್ತು ಯಾರೂ ಅದನ್ನು ಮುಟ್ಟಬಾರದು, ಮುಟ್ಟಿದರೆ ಮದುಮಗ ಚಂದ್ರನನ್ನು ಅರ್ಧ ಹತ್ತಿ ಅಲ್ಲೇ ಉಳಿಯುತ್ತಾನೆ ಎಂದು ಮುತ್ಯಾ ಹೇಳುತ್ತಿದ್ದರು. ನಿಮ್ಮ ಅಪ್ಪ ಆಗ ಸಣ್ಣವನು. ಮೌಸು ಸಿಕ್ಕರೆ ಬಾಯಲ್ಲಿ ಬುರ್ರೆಂದು ಸದ್ದು ಮಾಡುತ್ತ ಮೇಜಿನ ತುಂಬ ಎಸ್ಟಿ ಬಸ್ಸು ಓಡಿಸುತ್ತಿದ್ದ. ಅದಕ್ಕಾಗಿ ನಾನು ಕುಂಚಿಗಿ ಹೊಲಿದೆ. ಕುಂಚಿಗಿ ಹಾಕಿದ್ದರೆ ಮಲಗಿದೆ ಎಂದು ಅರ್ಥ. ಮಲಗಿದವರನ್ನು ಎಬ್ಬಿಸಬಾರದು ಎಂಬುದು ಅವನಿಗೆ ಗೊತ್ತಿತ್ತು. ಹಿಂದಿನ ಜೋಲಿ ವಾಯರಿನ ಮೇಲೆ ಸರಿಯಾಗಿ ಕೂರುತ್ತಿತ್ತು.

ಹೀಗೆ ಯಾರೂ ಮುಟ್ಟದೆ ಹತ್ತು ನಿಮಿಷವಾದರೆ ಪರದೆ ಒಮ್ಮೆ ಕಪ್ಪಾಗಿ, ಆಮೇಲೆ ನೀಲಿಯಾಗಿ, ಮೀನು ಬರುತ್ತಿದ್ದವು. ಪರದೆ ಕೆಡದಿರಲಿ ಎಂದು ಕಂಪ್ಯೂಟರಿನವರು ಮಾಡಿಟ್ಟ ಏರ್ಪಾಡಂತೆ. ಹೊಲ ಬೀಳು ಬಿದ್ದರೆ ಹುಲ್ಲು ಬರುವ ಹಾಗೆ ಇದಕ್ಕೆ ಮೀನು ಬರುತ್ತವೆ ಎಂದು ನಾನು ತಿಳಿದುಕೊಂಡೆ.

ಮೊದಲ ಸಲ ಅವು ಬಂದಾಗ ನನ್ನ ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ನಮ್ಮದು ಲಿಂಗಪೂಜೆಯ ಮನೆ. ಮೀನಿನ ಹೆಸರು ಕೂಡ ಒಳಗೆ ಬಂದದ್ದಿಲ್ಲ.

“ಎಲ್ಲಾ ಬಿಟ್ಟ ಮೀನ ತಂದಿಟ್ಟೀಯಲ್ಲೋ,” ಎಂದು ಮಗನನ್ನು ಕೇಳಿದರು.

“ಖರೇ ಮೀನ ಅಲ್ಲಬೇ ಯವ್ವಾ. ಚಿತ್ರ.”

“ಚಿತ್ರ ಅಂದ್ರ ವಾಸನಿ ಬರಂಗಿಲ್ಲ, ಅಷ್ಟ.”

ಅಷ್ಟರಲ್ಲಿ ಎಡಗಡೆಯಿಂದ ಒಂದು ಮೀನು ಬಂತು. ಕಾವಿಯ ಬಣ್ಣದ ಮೈ, ಅದರ ಮೇಲೆ ಬೆಳ್ಳಗೆ ಮೂರು ಪಟ್ಟಿ. ಅವಸರವಿಲ್ಲದೆ, ಎಲ್ಲರ ನಡುವೆ ದಾರಿ ಮಾಡಿಕೊಂಡು ಬಂತು. ಅತ್ತೆಯವರು ಸೆರಗು ಸರಿಮಾಡಿಕೊಂಡು ಹತ್ತಿರ ಹೋಗಿ ಬಗ್ಗಿ ನೋಡಿದರು. “ಇವರು ಯಾರು?” ಎಂದರು. ವಿಭೂತಿ ಅಡ್ಡ ಇರುತ್ತದೆ, ಇದರ ಪಟ್ಟಿ ನೆಟ್ಟಗೆ ಇವೆಯಲ್ಲ ಎಂದು ಮುತ್ಯಾ ತಕರಾರು ತೆಗೆದರು. “ಎದ್ದ ನಿಂತ್ರ ಅಡ್ಡ ಆಗತಾವ. ಈಗ ಈಸಾಕತ್ತಾರ,” ಎಂದರು ಅತ್ತೆಯವರು. ಅಂದಿನಿಂದ ಆ ಮೀನು ಸ್ವಾಮಿಗಳು. ಅವರು ಇದ್ದಾರೆ ಎಂಬ ಕಾರಣಕ್ಕೆ ಉಳಿದ ಮೀನುಗಳಿಗೂ ಮನೆಯಲ್ಲಿ ಇರಲು ಅಪ್ಪಣೆ ಸಿಕ್ಕಿತು.

ಅತ್ತೆಯವರಿಗೆ ಉಳಿದ ಚಿಂತೆ ಒಂದೇ. ಆ ತೊಟ್ಟಿಯ ತಳದಲ್ಲಿ ಒಂದು ಪೆಟಾರಿ ಇತ್ತು. ಆಗಾಗ ಅದರ ಮುಚ್ಚಳ ತಾನೇ ತೆರೆದು, ನಾಲ್ಕು ಗುಳ್ಳೆ ಬಿಟ್ಟು, ಮತ್ತೆ ಮುಚ್ಚುತ್ತಿತ್ತು. ಅಷ್ಟು ಮಂದಿ ಓಡಾಡುವಲ್ಲಿ ಪೆಟಾರಿಗೆ ಕೀಲಿ ಹಾಕದೆ ಇಡುವವರು ಯಾರು ಎಂದು ಅವರು ಕಡೆಯವರೆಗೂ ಕೇಳುತ್ತಿದ್ದರು.

ನನಗೆ ಮೀನು ಹೊಸದಲ್ಲ. ಅಸಂಗಿಯಲ್ಲಿ ನಮ್ಮ ಬಾವಿಯಲ್ಲಿ ಸಣ್ಣ ಮೀನು ಇದ್ದವು. ಕೊಡ ಇಳಿಬಿಟ್ಟರೆ ಬಾಯಿಯ ಹತ್ತಿರ ಬಂದು ನೋಡಿ ಹೋಗುತ್ತಿದ್ದವು. ಒಮ್ಮೊಮ್ಮೆ ಒಂದು ಒಳಗೇ ಬಂದುಬಿಡುತ್ತಿತ್ತು. ಮನೆಗೆ ಹೋಗಿ ಸುರುವುವಾಗ ಅವ್ವ ಅದನ್ನು ಕಂಡರೆ, ಆ ಕೊಡವನ್ನು ಹಾಗೇ ವಾಪಸ್ಸು ಒಯ್ದು, ಮೀನನ್ನು ಬಾವಿಗೆ ಬಿಟ್ಟು, ಕೊಡವನ್ನು ಬೂದಿ ಹಾಕಿ ತಿಕ್ಕಿ ಮತ್ತೆ ತುಂಬಿಕೊಂಡು ಬರಬೇಕು. ದಾರಿಯಲ್ಲಿ ಯಾರಾದರೂ, ತುಂಬಿದ ಕೊಡ ಹೊತ್ತುಕೊಂಡು ಬಾವಿಯ ಕಡೆಗೆ ಯಾಕೆ ಹೊಂಟೀ ಎಂದು ಕೇಳುತ್ತಿದ್ದರು. ಅಷ್ಟೆಲ್ಲ ಹೇಳಲು ನಾಚಿಕೆಯಾಗಿ, ನೀರು ಹೆಚ್ಚಾಗಿದೆ ಎಂದುಬಿಡುತ್ತಿದ್ದೆ. ನಮ್ಮ ಊರಲ್ಲಿ ನೀರು ಹೆಚ್ಚಾಗಿದೆ ಎಂದವಳು ನಾನೊಬ್ಬಳೇ ಇರಬೇಕು.

ಮೀನು ಲಗ್ನಕ್ಕೆ ಹೋದ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶೇಗಾಂವದ ಒಬ್ಬ ವ್ಯಾಪಾರಸ್ಥರು ಮಗಳ ಲಗ್ನದ ವಿಡಿಯೋ ನೋಡಲು ಬಂದರು. ರೆಂಡರ್ ಮುಗಿದಿರಲಿಲ್ಲ, ಪರದೆಯ ಮೇಲೆ ಮೀನು ಓಡಾಡುತ್ತಿದ್ದವು. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ, “ಚಲೋ ಮಾಡೀರಿ. ನಮ್ಮ ಮಂದಿ ಯಾವಾಗ ಬರತಾರ?” ಎಂದರು. ಇದು ಬೇರೆ, ನಿಮ್ಮ ವಿಡಿಯೋ ಬೇರೆ ಎಂದು ಮುತ್ಯಾ ತಿಳಿಸಿ ಹೇಳಿದರು. ಬೇರೆ ಇದ್ದರೂ ಇರಲಿ, ಇದನ್ನೂ ಹಾಕಿರಿ ಎಂದು ಅವರು ಹಟ ಹಿಡಿದರು. ಮುತ್ಯಾ ಹಾಕಿದರು. ಹಂದರದಲ್ಲಿ ಮೀನು, ವರನ ಕುದುರೆಯ ಮುಂದೆ ಮೀನು, ಅಕ್ಷತಾ ಬೀಳುವಾಗ ಕಾಳು ತಿನ್ನಲು ಬಂದವೋ ಎಂಬಂತೆ ಮೀನು. ಎಲ್ಲರಿಗೂ ಸೇರಿತು. ಊಟದ ಪಂಕ್ತಿ ಬರುವವರೆಗೆ.

ಅಲ್ಲಿ ಬೀಗರು ಸಾಲಾಗಿ ಕುಳಿತು ಹೋಳಿಗೆ ತಿನ್ನುತ್ತಿದ್ದರು. ಒಬ್ಬೊಬ್ಬರ ಎಲೆಯ ಮೇಲೂ ಒಂದೊಂದು ಮೀನು ಬಂದು, ಸ್ವಲ್ಪ ನಿಂತು, ಮುಂದಿನವರ ಎಲೆಗೆ ಹೋಗುತ್ತಿತ್ತು. ಮೂರು ತಲೆಮಾರಿನಿಂದ ಆ ಮನೆಯವರು ಉಣ್ಣದಿದ್ದದ್ದನ್ನು ಮುತ್ಯಾ ಒಂದೇ ಮಧ್ಯಾಹ್ನದಲ್ಲಿ ಬಡಿಸಿಬಿಟ್ಟಿದ್ದರು. ಬೀಗರು ವಿಡಿಯೋ ವಾಪಸ್ಸು ಕಳಿಸಿದರು. ಮುತ್ಯಾ ಪಂಕ್ತಿಯಿಂದ ಒಂದೊಂದಾಗಿ ಮೀನು ತೆಗೆದರು. ಸ್ವಾಮಿಗಳನ್ನು ಮಾತ್ರ ತೆಗೆಯಲಿಲ್ಲ. ಅದಕ್ಕೆ ಯಾರೂ ಬೇಡ ಎನ್ನಲಿಲ್ಲ. ಮೊದಲ ಪಂಕ್ತಿಯಲ್ಲಿ ಸ್ವಾಮಿಗಳು ಇರುವುದು ಪದ್ಧತಿ.

ಇನ್ನು ಲೀಲಾಗೆ ಹೇಳದೆ ಉಳಿಸಿಕೊಂಡದ್ದು.

ಆ ಕಾಲಕ್ಕೆ ಹಗಲಿನಲ್ಲಿ ಗಂಡಹೆಂಡತಿ ಕೆಲಸವಿಲ್ಲದೆ ಒಂದೇ ಕಡೆ ಕುಳಿತಿದ್ದರೆ, ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದಿದೆ ಎಂದು ತಿಳಿಯುತ್ತಿದ್ದರು. ನಾನು ಅಂಗಡಿಗೆ ಹೋಗುತ್ತಿದ್ದದ್ದು ಚಹಾ ಇಟ್ಟು ಬರಲು. ಒಂದು ಮಧ್ಯಾಹ್ನ ಹಾಗೆ ಇಟ್ಟು ತಿರುಗುವಾಗ ಮುತ್ಯಾ ಮೆಲ್ಲಗೆ, “ಕುಂದ್ರ,” ಎಂದರು. ನಾನು ಒಳಗಡೆ ನೋಡಿದೆ. ಅವರೂ ಒಳಗಡೆ ನೋಡಿದರು. ಆಮೇಲೆ ಅಡಿಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು.

“ಯವ್ವಾ, ಈ ಮಿಷನ್ ಕಾಯಾಕ ಇಬ್ಬರು ಬೇಕಬೇ. ಒಬ್ಬರ ಕಣ್ಣ ಮುಚ್ಚಿದ್ರ ಇನ್ನೊಬ್ಬರು ಎಚ್ಚರ ಇರಬೇಕ.”

ಅತ್ತೆಯವರು ಕಣದಲ್ಲಿ ಜೋಳದ ರಾಶಿ ಕಾದವರು. ರಾಶಿಗೆ ಇಬ್ಬರು ಇರಲೇಬೇಕು ಎಂಬುದು ಅವರಿಗೆ ತಿಳಿದ ಮಾತು. ಹಾಗಾದರೆ ಅಕಿನೂ ಕುಂದ್ರಲಿ ಎಂದು ಒಳಗಿಂದಲೇ ಹೇಳಿದರು.

ಹೀಗೆ ಅವರು ಕುರ್ಚಿಯ ಮೇಲೆ, ನಾನು ಸ್ಟೂಲಿನ ಮೇಲೆ. ಮೌಸು ಕುಂಚಿಗಿ ಹಾಕಿಕೊಂಡು ಮಲಗಿದೆ. ಮೊದಲ ಹತ್ತು ನಿಮಿಷ ನೋಡಲು ಏನೂ ಇರುತ್ತಿರಲಿಲ್ಲ. ಆಗ ಮಾತು ಬರುತ್ತಿತ್ತು. ದೊಡ್ಡ ಮಾತಲ್ಲ. ಯಾವ ಊರಿನ ಲಗ್ನದಲ್ಲಿ ಸಾರು ಚಲೋ ಇತ್ತು, ಯಾವ ಮದುಮಗಳು ಹೊಸ ಬಳೆ ಚುಚ್ಚಿ ಮುಖ ಕಿವಿಚಿದಳು, ಅಂಥದ್ದು. ಮೀನು ಬಂದ ಮೇಲೆ ಮಾತು ನಿಲ್ಲುತ್ತಿತ್ತು, ಆದರೆ ಏಳಬೇಕು ಅನಿಸುತ್ತಿರಲಿಲ್ಲ. ಲಗ್ನದ ಮನೆಗಳಲ್ಲಿ “ನಗ್ರಿ, ಸ್ವಲ್ಪ ನಗ್ರಿ” ಎಂದು ಕೂಗಿ ಗಂಟಲು ಹರಿದುಕೊಂಡವರು ನನಗೆ ಒಮ್ಮೆಯೂ ನಗು ಎನ್ನಲಿಲ್ಲ.

ಒಂದು ದಿನ ಅತ್ತೆಯವರು ತಾವೇ ಚಹಾ ತಂದರು. ಅಂದು ರೆಂಡರ್ ಮುಗಿದು ಬಹಳ ಹೊತ್ತಾಗಿತ್ತು. ಅದು ಮುಗಿದರೆ ಪೆಟ್ಟಿಗೆಯ ಗುರ್ರೆನ್ನುವ ಸದ್ದು ತಗ್ಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವರು ಬಾಗಿಲಲ್ಲಿ ನಿಂತು ಆ ಸದ್ದು ಇಲ್ಲದಿರುವುದನ್ನು ಕೇಳಿಸಿಕೊಂಡರು. ನಾನು ಏಳಲು ಹೋದೆ.

“ಮೀನ ಬಂದಾವೇನ?” ಎಂದರು.

“ಬಂದಾವ್ರಿ.”

“ಹಂಗಾರ ಕುಂದ್ರಿ.”

ಚಹಾ ಇಟ್ಟು, ಸ್ವಾಮಿಗಳು ಈ ಕಡೆ ಬರುವವರೆಗೆ ನಿಂತಿದ್ದು, ಕೈಮುಗಿದು ಒಳಗೆ ಹೋದರು. ಅವರಿಗೆ ಎಂದಿನಿಂದ ಗೊತ್ತಿತ್ತೋ ನಾವು ಕೇಳಲಿಲ್ಲ.

ಅತ್ತೆಯವರು ಹೋದರು. ಕೆಲವು ವರ್ಷದ ಮೇಲೆ ಮುತ್ಯಾನೂ ಹೋದರು. ಲಗ್ನದ ವಿಡಿಯೋ ಡ್ರೋನ್ ಹಾರಿಸುವವರ ಕೈಗೆ ಹೋಯಿತು. ಹಳೆಯ ಕಂಪ್ಯೂಟರು ನನ್ನ ಖೋಲಿಗೆ ಬಂತು. ಮಧ್ಯಾಹ್ನ ಅದನ್ನು ಹಚ್ಚಿ, ಮೌಸಿಗೆ ಕುಂಚಿಗಿ ಹಾಕಿ, ಕುಳಿತುಕೊಳ್ಳುತ್ತಿದ್ದೆ. ರೆಂಡರ್ ಮಾಡಲು ಏನೂ ಇರಲಿಲ್ಲ. ಹತ್ತು ನಿಮಿಷಕ್ಕೆ ಮೀನು ಬರುತ್ತಿದ್ದವು. ಕಳೆದ ಬ್ಯಾಸಗಿಯಲ್ಲಿ ಒಂದು ದಿನ ಅದು ಗುರ್ರೆಂದು, ಕೆಮ್ಮಿ, ನಿಂತಿತು. ಅದರ ಸಾಮಾನು ಈಗ ಸಿಗುವುದಿಲ್ಲ ಎಂದು ರಿಪೇರಿಯವರು ಕೈ ತೊಳೆದುಕೊಂಡರು. ಕುಂಚಿಗಿಯನ್ನು ಒಗೆದು ಟ್ರಂಕಿನಲ್ಲಿ ಇಟ್ಟೆ.

ಆಗ ಲೀಲಾ, ತನ್ನ ಕಾಲೇಜಿನ ಪ್ರಾಜೆಕ್ಟಿಗೆ ಮೀನಿನ ತೊಟ್ಟಿಯನ್ನೇ ಮಾಡುತ್ತೇನೆ, ಆಯಿಯಷ್ಟು, ಅಂದರೆ ನನ್ನಷ್ಟು, ನೋಡಿದವರು ಯಾರೂ ಇಲ್ಲ, ಏನೇನು ಸುಧಾರಿಸಬೇಕು ಹೇಳು ಎಂದಳು. ಇಷ್ಟು ವರ್ಷದಲ್ಲಿ ಯಾವ ವಿಷಯಕ್ಕೂ ನನ್ನ ಅಭಿಪ್ರಾಯ ಬೇಕಾಗಿರಲಿಲ್ಲ. ಮೊದಲ ದಿನ ಎಲ್ಲಾ ಚಲೋ ಐತಿ ಎಂದೆ. ಆಮೇಲೆ ರೊಟ್ಟಿ ಬಡಿಯುವಾಗ ಒಂದು, ಕಾಳು ಹಸನು ಮಾಡುವಾಗ ಒಂದು ಹೇಳತೊಡಗಿದೆ.

ನೀರು ಅಷ್ಟು ನೀಲಿ ಬೇಡ ಎಂದೆ. ಅವಳು ಅದಕ್ಕೆ ನಮ್ಮ ಬಾವಿಯ ಹಸಿರು ಹಾಕಿದಳು. ಬಲಗಡೆ ಹೋದ ಮೀನು ಎಡಗಡೆಯಿಂದ ಹೇಗೆ ಬರುತ್ತದೆ, ನಡುವೆ ಎಲ್ಲಿ ಇರುತ್ತದೆ ಎಂಬುದು ನನ್ನ ಬಹಳ ದಿನದ ಸಂಶಯ. ಈಗ ಅವು ಹೋದ ಕಡೆಯಿಂದಲೇ ತಿರುಗಿ ಬರುತ್ತವೆ. ಪೆಟಾರಿಗೆ ಕೀಲಿ ಹಾಕಿಸಿದೆ. ಅದು ಅತ್ತೆಯವರ ಸಲುವಾಗಿ. ಸ್ವಾಮಿಗಳು ಎಲ್ಲಿ ಎಂದು ಕೇಳಿದೆ. ಆ ಜಾತಿಯ ಮೀನು ಬೆರಳು ಬೆರಳಾಗಿರುವ ಒಂದು ಗಿಡದಂಥದ್ದರೊಳಗೆ ಇರುತ್ತದೆ, ಆಗೊಮ್ಮೆ ಈಗೊಮ್ಮೆ ಹೊರಗೆ ಬರುತ್ತದೆ ಎಂದಳು. ಅದು ಅವರ ಮಠ ಇರಬೇಕು ಎಂದುಕೊಂಡು ಸುಮ್ಮನಾದೆ.

ಅವಳದೇ ಎರಡು ಸುಧಾರಣೆ ಇದ್ದವು. ಒಂದು, ಗುಂಡಿ ಒತ್ತಿದರೆ ಮೀನಿಗೆ ಕಾಳು ಬೀಳುವುದು. ಅದರಿಂದ ನನಗೆ ಬಹಳ ತೊಂದರೆಯಾಯಿತು. ಊಟ ಹಾಕಲು ಬರುವುದಿಲ್ಲ ಎಂದಿದ್ದಾಗ ಹಾಕುತ್ತಿರಲಿಲ್ಲ. ಬರುತ್ತದೆ ಎಂದು ಗೊತ್ತಾದ ಮೇಲೆ ನಾನು ಹೇಗೆ ಉಣ್ಣುವುದು? ಅಸಂಗಿಗೆ ತಮ್ಮನ ಮನೆಗೆ ಹೋದವಳು ಮೀನು ಉಪವಾಸ ಇರಬಹುದೆಂದು ಅದೇ ದಿನದ ಬಸ್ಸಿಗೆ ವಾಪಸ್ಸು ಬಂದೆ. ಲೀಲಾ ಅದನ್ನು ತೆಗೆದಳು. ಇನ್ನೊಂದು, ನೀರಿನ ಸದ್ದು. ಟಿವಿಗೆ ಜೋಡಿಸಿ ಹಚ್ಚಿದ ಕೂಡಲೇ ನಿಮ್ಮ ಅವ್ವ ಸವಿತಾ ನಳದ ಕಡೆಗೆ ಓಡಿದಳು. ನಮ್ಮ ಓಣಿಯಲ್ಲಿ ನೀರು ಯಾವಾಗ ಬರುತ್ತದೆ ಎಂಬುದು ನಳಕ್ಕೂ ತಿಳಿದಿರುವುದಿಲ್ಲ. ಪಕ್ಕದ ಮನೆಯ ಶಾಂತಾಬಾಯಿ ಎರಡು ಕೊಡ ಹಿಡಿದುಕೊಂಡು ಬಂದು “ಪಾಣೀ ಆಲಂ ಕಾ?” ಎಂದರು. ನೀರು ಬಂತು ಎನ್ನುವಂತೆಯೂ ಇರಲಿಲ್ಲ, ಇಲ್ಲ ಎನ್ನುವಂತೆಯೂ ಇರಲಿಲ್ಲ. ಅದನ್ನೂ ತೆಗೆಯಬೇಕಾಯಿತು.

ಎಲ್ಲ ಆದ ಮೇಲೆ ತೊಟ್ಟಿ ಬಹಳ ಚೆನ್ನಾಗಿತ್ತು. ಮೀನಿನ ಹುರುಪೆ ಹುರುಪೆಗೂ ಬೆಳಕು ಬಿದ್ದು ಸರಿಯುತ್ತಿತ್ತು. ಗುಂಡಿ ಒತ್ತಿದರೆ ಬರುತ್ತಿತ್ತು, ಒತ್ತಿದರೆ ಹೋಗುತ್ತಿತ್ತು. ನಾನು ಒತ್ತಿದೆ, ನೋಡಿದೆ, ಒತ್ತಿದೆ. ಆಮೇಲೆ ಆ ಕಡೆ ಹೋಗಲಿಲ್ಲ. ಲೀಲಾ ಏನೂ ಕೇಳಲಿಲ್ಲ, ಆದರೆ ಊಟ ಕಡಿಮೆ ಮಾಡಿದಳು.

ಕುಂಚಿಗಿ ಸಿಕ್ಕ ದಿನ ಓಂಕಾರ ಅವಳನ್ನು ಕರೆತಂದನಲ್ಲ, ಆಗ ಅವಳು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ, “ಆಯಿ, ಇದನ್ನ ಯಾಕ ಹೊಲದಿ?” ಎಂದಳು.

ಯಾರೂ ಮುಟ್ಟಬಾರದು ಎಂದು ಹೇಳಿದೆ.

“ಮುಟ್ಟಿದ್ರ?”

“ಮೀನ ಬರತಿರಲಿಲ್ಲ.”

“ಮುಟ್ಟದಿದ್ರ?”

“ಹತ್ತು ಮಿನಿಟ ಕುಂದರಬೇಕಿತ್ತು. ಮುತ್ಯಾ ಕುಂದರತಿದ್ರು.” ಅಷ್ಟು ಹೇಳಿ ನಾನು ಬಟ್ಟೆ ತಿರುವಿ ಹಾಕಲು ಎದ್ದೆ. ಅವಳು ಕುಂಚಿಗಿಯನ್ನು ಬೆರಳಿನಿಂದ ತೆಗೆದು ಮಡಿಚಿದಳು. ಆಮೇಲೆ, ತಾನು ಗುಂಡಿ ಇಡಬಾರದಾಗಿತ್ತು ಎಂದಳು. ನಾನು ಹೌದು ಎಂದೆ. ಗಟ್ಟಿಯಾಗಿಯೇ ಎಂದೆ ಎಂದು ಓಂಕಾರ ಹೇಳುತ್ತಾನೆ.

ಮುಂದಿನ ರವಿವಾರ ಊಟವಾದ ಮೇಲೆ ಅವಳು ಆ ತೊಟ್ಟಿಯನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿದಳು. ಗುಂಡಿ ಇಲ್ಲ. ಮುಟ್ಟದಿದ್ದರೆ ಬರುತ್ತವೆ. ನಾನು ಕುಂಚಿಗಿಯನ್ನು ಹೊಸ ಮೌಸಿಗೆ ಹಾಕಿದೆ. ಈಗಿನ ಮೌಸಿಗೆ ವಾಯರಿಲ್ಲ, ಜೋಲಿ ಮೇಜಿನ ಮೇಲೆ ಸುಮ್ಮನೆ ಬಿದ್ದುಕೊಂಡಿತು. ಕುರ್ಚಿಯ ಮೇಲೆ ನಿಮ್ಮ ಅಪ್ಪ ಕುಳಿತಿದ್ದ. ಲೀಲಾ ಅದರ ಪಕ್ಕಕ್ಕೆ ಸ್ಟೂಲು ಎಳೆದು ನನಗೆ ಕುಂದ್ರು ಎಂದಳು.

ನಾನು ಸ್ಟೂಲು ನೋಡಿದೆ. ಒಳಗೆ ಸವಿತಾ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅವಳು ಬೆಳಿಗ್ಗೆ ಅಂಗನವಾಡಿಗೆ ಹೋಗುತ್ತಾಳೆ, ಇವನು ಸಂಜೆಯವರೆಗೆ ಅಂಗಡಿಯಲ್ಲಿ. ಇಬ್ಬರೂ ಎದುರುಬದುರು ನಿಲ್ಲುವುದು ಗಾಡಿಯ ಕೀಲಿ ಕೈಯಿಂದ ಕೈಗೆ ಹೋಗುವಾಗ. ಕೀಲಿ ಹಸ್ತಾಂತರವಾದ ಮೇಲೆ ಮಾತು ಮುಗಿಯುತ್ತದೆ.

“ಮಲ್ಲು, ಇದನ್ನ ಕಾಯಾಕ ಇಬ್ಬರು ಬೇಕ,” ಎಂದೆ. “ಸವಿತಾನ್ನ ಕರಿ.”

“ಇದಕ್ಕೇನ ಕಾಯೂದವ್ವ? ತಾನ ನಡೀತೈತಿ.”

“ನಿಮ್ಮಪ್ಪ ಹೇಳಿದ್ದು.”

ಅವನು ನನ್ನನ್ನು ನೋಡಿದ, ಕುಂಚಿಗಿಯನ್ನು ನೋಡಿದ, ಒಳಗೆ ತಿರುಗಿ ಹೆಂಡತಿಯನ್ನು ಕರೆದ. ಅವಳು ಕೈ ಒರೆಸಿಕೊಳ್ಳುತ್ತ ಬಂದು, ಇನ್ನೂ ಪಾತ್ರೆ ಅದಾವ್ರಿ ಎಂದಳು. ಪಾತ್ರೆ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನಿಮ್ಮಿಬ್ಬರನ್ನು ಕರೆದುಕೊಂಡು ನಾನು ಒಳಗೆ ಬಂದೆ.

ಚಹಾಕ್ಕೆ ನೀರಿಟ್ಟೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಸವಿತಾ ಏನೋ ಅಂದಳು, ಮಲ್ಲು ಏನೋ ಅಂದ. ಯಾವುದೋ ಸಾರಿನ ಮಾತು. ನೀರು ಕುದಿದು, ಹಾಲು ಹಾಕಿ, ಸೋಸಿದೆ. ಹತ್ತು ನಿಮಿಷ ಯಾವಾಗಲೋ ಆಗಿರಬೇಕು. ಅಡಿಗೆಮನೆಯಿಂದಲೇ ಕೇಳಿದೆ.

“ಮೀನ ಬಂದಾವೇನ?”

ಸ್ವಲ್ಪ ತಡೆದು ಮಲ್ಲು, “ಇನ್ನಾ ಇಲ್ಲವ್ವ,” ಎಂದ.

ಓಂಕಾರ ನಡುಬಾಗಿಲಲ್ಲಿ ನಿಂತಿದ್ದ. ಅಲ್ಲಿಂದ ಪರದೆ ಕಾಣುತ್ತದೆ. ನಾನೂ ಅವನ ತಲೆಯ ಮೇಲಿಂದ ಬಗ್ಗಿ ನೋಡಿದೆ. ಸ್ವಾಮಿಗಳು ಮಠದಿಂದ ಹೊರಗೆ ಬಂದು, ಪೆಟಾರಿಯ ಕೀಲಿಯವರೆಗೆ ಹೋಗಿ, ತಿರುಗಿ ಬರುತ್ತಿದ್ದರು. ಓಂಕಾರ ಬಾಯಿ ತೆರೆದ. ಲೀಲಾ ಹಿಂದಿನಿಂದ ಬಂದು ಅವನ ಬಾಯಿಗೆ ಕೈ ಅಡ್ಡ ಇಟ್ಟಳು.

“ಹಂಗಾರ ಕುಂದ್ರಿ,” ಎಂದೆ.